ಅಮೆರಿಕನ್ ಫುಟ್‌ಬಾಲ್‌ನ ಓವರ್‌ಟೈಮ್ ನಿಯಮದಲ್ಲಿ ಇನ್ನಷ್ಟು ನ್ಯಾಯ ತರುವುದು ಹೇಗೆ?

ಅಂಕ ಸಮವಾದಾಗ ಆಡುವ ಹೆಚ್ಚುವರಿ ಆಟವೇ ಓವರ್‌ಟೈಮ್. ಅದರಲ್ಲಿ ಮೊದಲು ಚೆಂಡು ಯಾರಿಗೆ ಎಂದು ತೀರ್ಮಾನಿಸುವ ಟಾಸ್‌ನಿಂದ ಸಿಗುವ ಲಾಭವನ್ನು ತೆಗೆದುಹಾಕಬೇಕು. ಅದಕ್ಕೆ ನನಗೆ ಎಲ್ಲಕ್ಕಿಂತ ಸರಿ ಅನ್ನಿಸುವುದು 2021ರಲ್ಲಿ ಬಾಲ್ಟಿಮೋರ್ ರೇವನ್ಸ್ ತಂಡ ಕೊಟ್ಟ ಸಲಹೆ. ಆಟ ಮೈದಾನದ ಯಾವ ಗೆರೆಯಿಂದ ಶುರುವಾಗಬೇಕು ಎಂದು ಒಂದು ತಂಡ ಹೇಳುತ್ತದೆ. ಚೆಂಡು ಬೇಕೋ, ಡಿಫೆನ್ಸ್ (ಎದುರಾಳಿಯನ್ನು ತಡೆಯುವ ಸರದಿ) ಬೇಕೋ ಎಂದು ಇನ್ನೊಂದು ತಂಡ ಆರಿಸುತ್ತದೆ. ಹೋಳಿಗೆಯನ್ನು ಒಬ್ಬರು ಮುರಿದು, ಇನ್ನೊಬ್ಬರು ಮೊದಲು ತೆಗೆದುಕೊಂಡ ಹಾಗೆ. ಒಂದೇ ಕಡೆಗೆ ಲಾಭವಾಗುವ ಜಾಗ ಹೇಳಿದರೆ ಹೇಳಿದವರಿಗೇ ನಷ್ಟ, ಅಲ್ವಾ? ಆದರೆ ಈ ಸಲಹೆ ಜಾರಿಗೆ ಬರಲಿಲ್ಲ.

ಹಿಂದೆ ಮೊದಲು ಚೆಂಡು ಪಡೆದ ತಂಡ ಟಚ್‌ಡೌನ್ (ಎದುರಾಳಿಯ ಕಡೆಯ ಕೊನೆಯ ವಲಯಕ್ಕೆ ಚೆಂಡು ಒಯ್ದು ಅಂಕ ಗಳಿಸುವುದು) ಮಾಡಿದರೆ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. 2022ರ ಜನವರಿಯಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ಹೀಗೇ 42-36ರಿಂದ ಗೆದ್ದಿತು. ಎದುರಾಳಿ ಬಫಲೋ ಬಿಲ್ಸ್‌ನ ದಾಳಿ ನಡೆಸುವ ಆಟಗಾರ ಜೋಶ್ ಅಲೆನ್ ಅದ್ಭುತವಾಗಿ ಆಡಿದ್ದರೂ ಓವರ್‌ಟೈಮ್ ಪೂರ್ತಿ ಸುಮ್ನೆ ಹೊರಗೆ ನಿಲ್ಲಬೇಕಾಯಿತು. ಅದು ಅನ್ಯಾಯವೇ. ಆಮೇಲೆ ಪ್ಲೇಆಫ್‌ನಲ್ಲಿ, 2025ರಿಂದ ಉಳಿದ ಪಂದ್ಯಗಳಲ್ಲೂ, ಎರಡೂ ತಂಡಗಳಿಗೆ ಅವಕಾಶ ಸಿಗುವಂತೆ ಎನ್‌ಎಫ್‌ಎಲ್ (ಈ ತಂಡಗಳು ಆಡುವ ಅಮೆರಿಕದ ವೃತ್ತಿಪರ ಲೀಗ್) ನಿಯಮ ಬದಲಿಸಿತು.

ಆದರೂ ಒಂದು ತೂತು ಉಳಿದಿದೆ. ಆ ಎರಡು ಸರದಿಯ ನಂತರವೂ ಅಂಕ ಸಮವಾಗಿದ್ದರೆ, ಮುಂದೆ ಮೊದಲು ಅಂಕ ಗಳಿಸಿದವರೇ ಗೆಲ್ಲುತ್ತಾರೆ. ಮೂರನೇ ಸರದಿ ಬರುವುದು ಮೊದಲು ಚೆಂಡು ಪಡೆದವರಿಗೇ. ಕಾಲೇಜ್ ಫುಟ್‌ಬಾಲ್‌ನಲ್ಲಿ ಪ್ರತಿ ಸುತ್ತಿನಲ್ಲೂ ಇಬ್ಬರಿಗೂ ಸಮ ಅವಕಾಶ ಇದೆ. ಕನಿಷ್ಠ ಅಷ್ಟನ್ನಾದರೂ ಎನ್‌ಎಫ್‌ಎಲ್ ತರಬೇಕು.