ಕುದುರೆ ನಿಮ್ಮದು, ಕತ್ತಿ ಸರ್ಕಾರದ್ದು: ಶೆರ್ವುಡ್ ರೇಂಜರ್ಸ್ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ತಿಂಗಳು ಇದೇ ಅಂಕಣದಲ್ಲಿ 1918ರ ಹೈಫಾ ಕಾಳಗದ ಬಗ್ಗೆ, ಅಂದರೆ ಮೊದಲ ಮಹಾಯುದ್ಧದಲ್ಲಿ ಪ್ಯಾಲೆಸ್ಟೈನ್‌ನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದುಕೊಂಡದ್ದರ ಬಗ್ಗೆ ಬರೆದಿದ್ದೆ. ನಮ್ಮ ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಜೊತೆ ಶೆರ್ವುಡ್ ರೇಂಜರ್ಸ್ ಅನ್ನೋ ಇಂಗ್ಲಿಷ್ ಸ್ವಯಂಸೇವಕ ಅಶ್ವದಳದ ಒಂದು ತುಕಡಿಯೂ ಇತ್ತು ಅಂತ ಒಂದು ಸಾಲು ಹೇಳಿ ಮುಂದೆ ಹೋಗಿದ್ದೆ. ಪತ್ರಗಳೆಲ್ಲ ಆ ಒಂದು ಸಾಲಿನ ಮೇಲೇ ಬಂದಿವೆ. ಕೆಲವನ್ನು ಆರಿಸಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಶೆರ್ವುಡ್ ಅಂದರೆ ರಾಬಿನ್ ಹುಡ್ ಇದ್ದ ಕಾಡು ಅಲ್ವಾ? ಇವರೇನು ಅರಣ್ಯ ಕಾಯುವವರಾ? ‘ಸ್ವಯಂಸೇವಕ ಅಶ್ವದಳ’ ಅಂದರೆ ಸಂಬಳ ಇಲ್ಲದ ಸೈನಿಕರಾ? (ಬೆಂಗಳೂರಿನ ಓದುಗರು)

ಕಾಡು ಅದೇ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಜಿಲ್ಲೆಯಲ್ಲಿದೆ. ಆದರೆ ಇವರು ಅರಣ್ಯ ಕಾಯುವವರಲ್ಲ, ಹೆಚ್ಚಿನವರು ರೈತರು. ರಾಬಿನ್ ಹುಡ್ ಹೆಸರನ್ನು ಇಟ್ಟುಕೊಂಡದ್ದು ಬೇರೆ ಪಡೆ. ಅದು 1859ರಲ್ಲಿ ನಾಟಿಂಗ್‌ಹ್ಯಾಮ್ ಪಟ್ಟಣದಲ್ಲಿ ಹುಟ್ಟಿದ ‘ರಾಬಿನ್ ಹುಡ್ ರೈಫಲ್ಸ್’. ಅವರು ಕಾಲಾಳುಗಳು. ಎರಡನ್ನೂ ಕಲಸಿ ಬರೆದಿರೋದನ್ನು ನಾನೇ ಬಹಳ ಕಡೆ ನೋಡಿದ್ದೇನೆ.

ಕಥೆ ಶುರುವಾಗುವುದು 1794ರಲ್ಲಿ. ಹಿಂದಿನ ವರ್ಷವಷ್ಟೇ ಫ್ರಾನ್ಸ್ ಬ್ರಿಟನ್ನಿನ ಮೇಲೆ ಯುದ್ಧ ಸಾರಿತ್ತು. ಫ್ರೆಂಚರು ಸಮುದ್ರ ದಾಟಿ ಬಂದುಬಿಟ್ಟರೆ? ಖಾಯಂ ಸೈನ್ಯ ಎಲ್ಲ ಕಡೆಗೂ ಸಾಲದು. ಹಾಗಾಗಿ ಜಿಲ್ಲೆ ಜಿಲ್ಲೆಯಲ್ಲೂ ಕುದುರೆ ಇದ್ದವರನ್ನು ಕರೆದರು. ಈ ಪಡೆಗಳಿಗೆ ‘ಯೋಮನ್ರಿ’ ಅಂತ ಹೆಸರು. ಯೋಮನ್ ಅಂದರೆ ಸ್ವಂತ ಜಮೀನಿನ ರೈತ. ನಿಜ ಹೇಳಬೇಕೆಂದರೆ ಸಾಲಿನಲ್ಲಿ ನಿಂತವರಲ್ಲಿ ಗೇಣಿ ರೈತರೂ ಬಹಳ ಜನ ಇದ್ದರು. ಮುಂದೆ ಕುದುರೆ ಮೇಲೆ ಕೂತ ಅಧಿಕಾರಿ ಆ ಊರ ಜಮೀನ್ದಾರ. ಧಣಿ ಬಾ ಅಂದಾಗ ಒಕ್ಕಲು ಬರೋದಿಲ್ಲ ಅನ್ನೋದು ಎಷ್ಟು ಸುಲಭ ಅನ್ನೋದು ನಮಗೂ ಗೊತ್ತಿದೆ. ‘ಸ್ವಯಂಸೇವಕ’ ಅನ್ನೋ ಮಾತನ್ನು ಆ ಎಚ್ಚರದಲ್ಲೇ ಓದಬೇಕು.

ಕರಾರು ಹೀಗಿತ್ತು: ಕುದುರೆ ನಿಮ್ಮದು, ಆಯುಧ ಸರ್ಕಾರದ್ದು. ಕರೆಸಿಕೊಂಡ ದಿನಗಳಿಗೆ ಮಾತ್ರ ಸಂಬಳ. ಉಳಿದ ದಿನ ನಿಮ್ಮ ಹೊಲ, ನಿಮ್ಮ ದನ. ಬದಲಿಗೆ ಕುದುರೆ ತೆರಿಗೆ ಮಾಫಿ. ಮಿಲಿಷಿಯಾ ಪಡೆಗೆ ಚೀಟಿ ಎತ್ತಿ ಜನ ಹಿಡಿಯುತ್ತಿದ್ದರಲ್ಲ, ಅದರಿಂದಲೂ ವಿನಾಯಿತಿ. ಎಲ್ಲಕ್ಕಿಂತ ಮುಖ್ಯ, ದೇಶ ಬಿಟ್ಟು ಹೊರಗೆ ಕಳಿಸುವ ಹಾಗಿಲ್ಲ. ಈ ಕೊನೆಯ ಷರತ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಳೇ ಮೈಸೂರಿನವರಿಗೆ ಇದು ಎಲ್ಲೋ ಕೇಳಿದ ಹಾಗೆ ಅನ್ನಿಸಬಹುದು. ನಮ್ಮ ಸಿಲ್ಲೇದಾರರೂ ಸ್ವಂತ ಕುದುರೆ ತಂದು ಚಾಕರಿಗೆ ನಿಲ್ಲುತ್ತಿದ್ದವರೇ. ಇನ್ನೊಬ್ಬರ ಕುದುರೆ ಏರಿದವನು ಬಾರ್ಗೀರ. ಆದರೆ ಸಿಲ್ಲೇದಾರನಿಗೆ ಅದೇ ಹೊಟ್ಟೆಪಾಡು. ಯೋಮನ್ನನಿಗೆ ಅದು ವರ್ಷದಲ್ಲಿ ಕೆಲವು ದಿನದ ಕವಾಯತು, ಜೊತೆಗೆ ಊರಲ್ಲಿ ಒಂದಿಷ್ಟು ಗತ್ತು.

ನಾಟಿಂಗ್‌ಹ್ಯಾಮ್‌ಶೈರಿನಲ್ಲಿ ಮೊದಲು ಊರಿಗೊಂದು ತುಕಡಿ ಅಂತ ಇತ್ತು. ಅವುಗಳಲ್ಲಿ ಕೆಲವು ಸೇರಿ 1828ರಲ್ಲಿ ‘ಶೆರ್ವುಡ್ ರೇಂಜರ್ಸ್’ ಅನ್ನೋ ರೆಜಿಮೆಂಟ್ ಆಯಿತು. ಟೋಪಿಯ ಬಿಲ್ಲೆಯ ಮೇಲೆ ಬೇಟೆಯ ಕೊಂಬು. ಕಾಡಿನ ನೆನಪು ಉಳಿದದ್ದು ಅಷ್ಟರಲ್ಲೇ.

ಪ್ರಶ್ನೆ: ಫ್ರೆಂಚರು ಬರಲೇ ಇಲ್ಲವಲ್ಲ. ಹಾಗಾದರೆ ನೂರು ವರ್ಷ ಇವರು ಮಾಡಿದ್ದೇನು? ಸುಮ್ನೆ ಪರೇಡಾ? (ಹಾಸನದ ಓದುಗರು)

ಸುಮ್ನೆ ಪರೇಡ್ ಆಗಿದ್ದರೆ ಚೆನ್ನಾಗಿತ್ತು. ಆಗ ಇಂಗ್ಲೆಂಡಿನ ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ಅಂತಲೇ ಇರಲಿಲ್ಲ. ಜಿಲ್ಲಾ ಪೊಲೀಸರ ಕಾಯ್ದೆ ಬಂದದ್ದು 1839ರಲ್ಲಿ. ಅಲ್ಲಿವರೆಗೆ ಗಲಾಟೆ ಆದರೆ ಮ್ಯಾಜಿಸ್ಟ್ರೇಟರು ಕೂಗಿ ಕರೆಯುತ್ತಿದ್ದದ್ದು ಯೋಮನ್ರಿಯನ್ನೇ.

ನಾಟಿಂಗ್‌ಹ್ಯಾಮ್‌ಶೈರಿನಲ್ಲಿ ಗಲಾಟೆಗೆ ಬರ ಇರಲಿಲ್ಲ. 1811ರಲ್ಲಿ ಕಾಲುಚೀಲ ನೇಯುವ ಕಸುಬಿನವರು ರಾತ್ರಿ ಹೊತ್ತು ಮಗ್ಗಗಳನ್ನು ಒಡೆಯತೊಡಗಿದರು. ಲಡ್ಡೈಟರು ಅಂತ ನಾವು ಓದಿರೋದು ಇವರನ್ನೇ. ಕೂಲಿ ಇಳಿದಿತ್ತು, ದವಸದ ಬೆಲೆ ಏರಿತ್ತು. 1831ರ ಅಕ್ಟೋಬರ್‌ನಲ್ಲಿ ಮತದಾನ ಸುಧಾರಣೆಯ ಮಸೂದೆ ಬಿದ್ದುಹೋದಾಗ ಜನ ಸಿಟ್ಟಿಗೆದ್ದು ನಾಟಿಂಗ್‌ಹ್ಯಾಮ್ ಕೋಟೆಯ ಅರಮನೆಗೇ ಬೆಂಕಿ ಇಟ್ಟರು. ಅದು ಮಸೂದೆಯನ್ನು ವಿರೋಧಿಸಿದ ಡ್ಯೂಕ್ ಒಬ್ಬನ ಆಸ್ತಿ. ಇಂಥ ಹೊತ್ತಿನಲ್ಲೆಲ್ಲ ಜಿಲ್ಲೆಯ ರೈತ ಸವಾರರನ್ನು ಜಿಲ್ಲೆಯ ನೇಕಾರರ ಮೇಲೆ ಬಿಡುತ್ತಿದ್ದರು.

ಯೋಮನ್ರಿ ಹೆಸರಿಗೆ ಅಳಿಸಲಾಗದ ಕಳಂಕ ತಂದದ್ದು ಮ್ಯಾಂಚೆಸ್ಟರ್. 1819ರ ಆಗಸ್ಟ್ 16ರಂದು ಸೇಂಟ್ ಪೀಟರ್ಸ್ ಬಯಲಿನಲ್ಲಿ ಮತದಾನದ ಹಕ್ಕಿಗಾಗಿ ಸುಮಾರು 60,000 ಜನ ಸೇರಿದ್ದರು. ಅಲ್ಲಿನ ಸ್ಥಳೀಯ ಯೋಮನ್ರಿ ಕತ್ತಿ ಹಿರಿದು ಅವರ ಮೇಲೆ ನುಗ್ಗಿತು. ಹಿಂದೆಯೇ ಖಾಯಂ ಸೈನ್ಯದ ಹುಸ್ಸಾರ್ ಸವಾರರೂ ಬಂದರು. 18ರಷ್ಟು ಜನ ಸತ್ತರು, ನೂರಾರು ಮಂದಿಗೆ ಗಾಯ. ಅದು ಶೆರ್ವುಡ್ ರೇಂಜರ್ಸ್ ಅಲ್ಲ, ಬೇರೆ ಜಿಲ್ಲೆಯ ಪಡೆ. ಆದರೂ ಯೋಮನ್ರಿಯ ಚರಿತ್ರೆ ಬರೆಯುವವರು ಇದನ್ನು ದಾಟಿ 1900ಕ್ಕೆ ಜಿಗಿಯೋದು ನನಗೆ ಸರಿ ಕಾಣುವುದಿಲ್ಲ. ಖಾಯಂ ಸೈನಿಕನಿಗೆ ಎದುರಿನ ಮುಖ ಯಾರದೋ. ಈ ಸವಾರರಿಗೆ ಅದು ಪಕ್ಕದ ಬೀದಿಯವನ ಮುಖ.

ಪ್ರಶ್ನೆ: ದೇಶ ಬಿಟ್ಟು ಹೋಗಬೇಕಿಲ್ಲ ಅಂತ ಷರತ್ತಿದ್ದರೆ ಪ್ಯಾಲೆಸ್ಟೈನ್‌ಗೆ ಹೇಗೆ ಬಂದರು? (ಧಾರವಾಡದ ಓದುಗರು)

ಷರತ್ತನ್ನು ಯಾರೂ ಮುರಿಯಲಿಲ್ಲ. ಪಕ್ಕದಿಂದ ಹಾದುಹೋದರು, ಅಷ್ಟೇ.

1899ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರು ಒಂದೇ ವಾರದಲ್ಲಿ ಬ್ರಿಟಿಷರನ್ನು ಮೂರು ಕಡೆ ಸೋಲಿಸಿದರು. ಬೋಯರರೂ ರೈತರೇ. ಕುದುರೆ ಏರಿ ಬಂದು, ಇಳಿದು ಗುಂಡು ಹಾರಿಸಿ, ಮತ್ತೆ ಏರಿ ಮಾಯವಾಗುತ್ತಿದ್ದರು. ಅಂಥವರನ್ನು ಅಟ್ಟಲು ಅಂಥವರೇ ಬೇಕು ಅಂತ ಲಂಡನ್ನಿಗೆ ಹೊಳೆಯಿತು. ಯೋಮನ್ರಿಯನ್ನು ಕಾನೂನಿನ ಪ್ರಕಾರ ಹೊರಗೆ ಕಳಿಸುವಂತಿಲ್ಲ. ಸರಿ, ‘ಇಂಪೀರಿಯಲ್ ಯೋಮನ್ರಿ’ ಅಂತ ಹೊಸ ಪಡೆಯನ್ನೇ ಕಟ್ಟಿ, ಇಷ್ಟ ಇದ್ದವರು ಅದಕ್ಕೆ ಸೇರಿ ಅಂದರು. ಶೆರ್ವುಡ್ ರೇಂಜರ್ಸ್‌ನಿಂದಲೂ ಒಂದು ಕಂಪನಿ ಹೊರಟಿತು. (ಆ ಯುದ್ಧದಲ್ಲಿ ಸೆರೆಸಿಕ್ಕ ಬೋಯರರಲ್ಲಿ ಒಂದಷ್ಟು ಜನರನ್ನು ನಮ್ಮ ಬಳ್ಳಾರಿಗೂ ತಂದು ಇಟ್ಟಿದ್ದರು. ಅದೇ ಇನ್ನೊಂದು ಕಥೆ.)

1914ರಲ್ಲೂ ಹಾಗೇ ಆಯಿತು. ಅಷ್ಟರಲ್ಲಿ ಯೋಮನ್ರಿ ‘ಟೆರಿಟೋರಿಯಲ್ ಫೋರ್ಸ್’ ಅನ್ನೋ ಅರೆಕಾಲಿಕ ಸೈನ್ಯದ ಭಾಗವಾಗಿತ್ತು. ಹೊರದೇಶಕ್ಕೆ ಹೋಗಲು ಒಪ್ಪಿಗೆ ಅಂತ ಪ್ರತಿಯೊಬ್ಬರೂ ಸಹಿ ಹಾಕಬೇಕಿತ್ತು. ಗೆಳೆಯರೆಲ್ಲ ಹಾಕುತ್ತಿರುವಾಗ ಒಬ್ಬ ಒಲ್ಲೆ ಅನ್ನುವುದು ಹೇಗೆ?

1915ರ ಏಪ್ರಿಲ್‌ನಲ್ಲಿ ಈಜಿಪ್ಟಿಗೆ ಹೋದರು. ಆಗಸ್ಟ್‌ನಲ್ಲಿ ಕುದುರೆಗಳನ್ನು ಅಲ್ಲೇ ಬಿಟ್ಟು ತುರ್ಕಿಯ ಗ್ಯಾಲಿಪೊಲಿಗೆ ಕಾಲಾಳುಗಳಾಗಿ ಇಳಿದರು. ಆಗಸ್ಟ್ 21ರಂದು ಅಲ್ಲಿನ ಸುವ್ಲಾದಲ್ಲಿ ಸುಮಾರು 5,000 ಯೋಮನ್ರಿ ಜನ ಬತ್ತಿಹೋದ ಒಂದು ಉಪ್ಪಿನ ಕೆರೆಯನ್ನು ಹಾಡಹಗಲೇ ಸಾಲಾಗಿ ನಡೆದು ದಾಟಿದರು. ಮೇಲೆ ಫಿರಂಗಿ ಸಿಡಿಯುತ್ತಿತ್ತು, ಮರೆಗೆ ಒಂದು ಗಿಡವೂ ಇರಲಿಲ್ಲ. ಅವರು ಹೊರಟಿದ್ದ ಗುಡ್ಡ ಕೊನೆಗೂ ಕೈಗೆ ಬರಲಿಲ್ಲ. ಆಮೇಲೆ ಗ್ರೀಸಿನ ಸಲೋನಿಕಾ. 1917ರಲ್ಲಿ ಮತ್ತೆ ಈಜಿಪ್ಟ್, ಅಲ್ಲಿಂದ ಪ್ಯಾಲೆಸ್ಟೈನ್.

ಪ್ರಶ್ನೆ: ಹೈಫಾ ಗೆದ್ದದ್ದು ನಮ್ಮವರು ಅಂತ ಓದಿದ್ದೇವೆ. ಇಂಗ್ಲಿಷರೂ ಇದ್ದರು ಅಂದರೆ ಗೆಲುವು ಯಾರದು? (ಮೈಸೂರಿನ ಓದುಗರು)

ಈ ಪ್ರಶ್ನೆ ಹತ್ತಾರು ಜನ ಕೇಳಿದ್ದೀರಿ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1918ರ ವಸಂತದಲ್ಲಿ ಫ್ರಾನ್ಸಿನಲ್ಲಿ ಜರ್ಮನರ ಒತ್ತಡ ಜಾಸ್ತಿ ಆಯಿತು. ಪ್ಯಾಲೆಸ್ಟೈನ್‌ನಲ್ಲಿದ್ದ ಯೋಮನ್ರಿ ರೆಜಿಮೆಂಟುಗಳಲ್ಲಿ ಹಲವನ್ನು ಕುದುರೆ ಇಳಿಸಿ ಮೆಷಿನ್ ಗನ್ ದಳ ಮಾಡಿ ಅಲ್ಲಿಗೆ ಕಳಿಸಿದರು. ಫ್ರಾನ್ಸಿನಲ್ಲಿದ್ದ ಭಾರತೀಯ ಅಶ್ವದಳಗಳು ಅವರ ಜಾಗಕ್ಕೆ ಬಂದವು. ಶೆರ್ವುಡ್ ರೇಂಜರ್ಸ್ ಉಳಿದುಕೊಂಡರು. ಅವರ 14ನೇ ಬ್ರಿಗೇಡಿನಲ್ಲಿ ಇದ್ದ ಇನ್ನೆರಡು ರೆಜಿಮೆಂಟು ಡೆಕ್ಕನ್ ಹಾರ್ಸ್ ಮತ್ತು ಪೂನಾ ಹಾರ್ಸ್. ಅದೇ 5ನೇ ಅಶ್ವ ಡಿವಿಷನ್ನಿನ ಇನ್ನೊಂದು ಬ್ರಿಗೇಡು 15ನೆಯದು. ಅದರಲ್ಲಿ ಜೋಧಪುರ, ಮೈಸೂರು, ಹೈದರಾಬಾದ್ ಲ್ಯಾನ್ಸರ್ಸ್. ಮೂರೂ ಸಂಸ್ಥಾನಗಳ ಪಡೆಗಳು.

ಸೆಪ್ಟೆಂಬರ್ 23. ಹೈಫಾಕ್ಕೆ ಹೋಗುವ ದಾರಿ ಇಕ್ಕಟ್ಟು. ಎಡಕ್ಕೆ ಕಾರ್ಮೆಲ್ ಬೆಟ್ಟ, ಬಲಕ್ಕೆ ಕಿಶೋನ್ ಹೊಳೆ ಮತ್ತು ಕೆಸರು. ಬೆಟ್ಟದ ಮೇಲೆ ತುರ್ಕರ ಕಡೆಯ ಫಿರಂಗಿ, ಬುಡದಲ್ಲಿ ಮೆಷಿನ್ ಗನ್. ಹಿಂದಿನ ದಿನ ಕವಚದ ಕಾರುಗಳು ಹೋಗಿ ಗುಂಡೇಟು ತಿಂದು ವಾಪಸ್ ಬಂದಿದ್ದವು. ಮೈಸೂರಿನ ಒಂದು ಸ್ಕ್ವಾಡ್ರನ್ನಿಗೆ (ರೆಜಿಮೆಂಟಿನ ಒಂದು ತುಕಡಿಗೆ) ಬೆಟ್ಟ ಹತ್ತಿ ಫಿರಂಗಿ ಹಿಡಿಯುವ ಕೆಲಸ ಬಿತ್ತು. ಕಡಿದಾದ ಆಡಿನ ದಾರಿ. ಬೆಳಗ್ಗೆ 11.45ರ ಹೊತ್ತಿಗೆ ಶೆರ್ವುಡ್ ರೇಂಜರ್ಸ್‌ನ ‘ಬಿ’ ಸ್ಕ್ವಾಡ್ರನ್ ಬಂದು ಸೇರಿತು. ಅವರನ್ನೂ ಬೆಟ್ಟದ ಮೇಲಿದ್ದ ಮೈಸೂರಿನವರಿಗೆ ಬೆಂಬಲವಾಗಿ ಹತ್ತಿಸಿದರು. ಹೋದ ತಿಂಗಳು ನಾನು ಬರೆದ ಒಂದು ಸಾಲು ಇದೇ.

ಮಧ್ಯಾಹ್ನ 2 ಗಂಟೆಗೆ ಜೋಧಪುರದವರು ಕೆಳಗಿನಿಂದ ನುಗ್ಗಿದರು. ಹೊಳೆ ದಾಟಲು ನೋಡಿದರೆ ಹೂಳು ಕುದುರೆಗಳನ್ನು ನುಂಗುತ್ತಿತ್ತು. ಓಡುವ ಕುದುರೆಗಳನ್ನು ಗುಂಡಿನ ಮಳೆಯಲ್ಲೇ ಎಡಕ್ಕೆ ತಿರುಗಿಸಿ, ಬುಡದ ಮೆಷಿನ್ ಗನ್‌ಗಳ ಮೇಲೆ ಹಾದು, ಸೀದಾ ಪಟ್ಟಣದೊಳಗೆ ಹೊಕ್ಕರು. ಅವರ ಮೇಜರ್ ದಲಪತ್ ಸಿಂಗ್ ಅಲ್ಲಿ ಸತ್ತರು. ಬೆಟ್ಟದ ಮೇಲೆ ಕುದುರೆಗಳು ಸುಸ್ತಾಗಿ, ಕುಂಟಾಗಿ, ಮೈಸೂರಿನವರಲ್ಲಿ ಬೆರಳೆಣಿಕೆ ಜನ ಮಾತ್ರ ದಾಳಿಗೆ ಉಳಿದಿದ್ದರು. ಅಷ್ಟೇ ಜನ ಫಿರಂಗಿಗಳ ಮೇಲೆ ಬಿದ್ದರು. ಸಂಜೆಯೊಳಗೆ 1,350 ಕೈದಿಗಳು, 17 ಫಿರಂಗಿಗಳು ಸಿಕ್ಕವು. ನಮ್ಮ ಕಡೆ ಸತ್ತವರು 8 ಜನ, ಸತ್ತ ಕುದುರೆ 60.

ಗೆಲುವು ಯಾರದು ಅಂದರೆ ಜೋಧಪುರದ್ದು ಮತ್ತು ಮೈಸೂರಿನದು. ಅದರಲ್ಲಿ ಎರಡು ಮಾತಿಲ್ಲ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು, ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕ, ಎರಡೂ ನ್ಯಾಯವಾದವೇ. ಆದರೆ ಅವತ್ತು ಆ ಬೆಟ್ಟದಲ್ಲಿ ನಾಟಿಂಗ್‌ಹ್ಯಾಮ್‌ಶೈರಿನ ರೈತರು ಮೈಸೂರಿನ ಸವಾರರ ಸಹಾಯಕ್ಕೆ ಹೋದರು. ಸಾಮ್ರಾಜ್ಯದ ಲೆಕ್ಕದಲ್ಲಿ ಸಾಮಾನ್ಯವಾಗಿ ಯಾರು ಯಾರ ಸಹಾಯಕ್ಕೆ ಅಂತ ಬರೆಯುತ್ತಿದ್ದರು ಅನ್ನೋದನ್ನು ನೆನೆದರೆ, ನನಗಂತೂ ಆ ಒಂದು ಸಾಲು ಇಷ್ಟ.

ಪ್ರಶ್ನೆ: ಆಮೇಲೆ ಕುದುರೆಗಳು ಏನಾದವು? ಎರಡನೇ ಮಹಾಯುದ್ಧದಲ್ಲಿ ಟ್ಯಾಂಕ್ ಇದ್ದವಲ್ಲ? (ಶಿವಮೊಗ್ಗದ ವಿದ್ಯಾರ್ಥಿ)

ಒಳ್ಳೆ ಪ್ರಶ್ನೆ. 1918ರ ನಂತರ ಹೆಚ್ಚಿನ ಯೋಮನ್ರಿಗಳ ಕುದುರೆ ಹೋದವು. ಹಿರಿತನದ ಪಟ್ಟಿಯಲ್ಲಿ ಮೊದಲ 14 ರೆಜಿಮೆಂಟುಗಳಿಗೆ ಮಾತ್ರ ಉಳಿದವು. ಶೆರ್ವುಡ್ ರೇಂಜರ್ಸ್ ಆ ಪಟ್ಟಿಯೊಳಗಿದ್ದರು. ಹಾಗಾಗಿ ಹಿಟ್ಲರನ ಟ್ಯಾಂಕುಗಳು ಪೋಲೆಂಡಿಗೆ ನುಗ್ಗಿದ ಮೇಲೂ, 1940ರಲ್ಲಿ, ಇವರು ಜೀನು, ಕತ್ತಿ, ಕುದುರೆ ಸಮೇತ ಪ್ಯಾಲೆಸ್ಟೈನ್‌ಗೆ ಹೋದರು! ಅದೇ ವರ್ಷ ಕುದುರೆಗಳನ್ನು ವಾಪಸ್ ತೆಗೆದುಕೊಂಡರು. ಸವಾರರು ಕೆಲವು ಕಾಲ ಟೊಬ್ರುಕ್, ಕ್ರೀಟ್ ಕರಾವಳಿಯಲ್ಲಿ ಫಿರಂಗಿ ಹಾರಿಸಿದರು. ಅದಾದ ಮೇಲೆ ಟ್ಯಾಂಕ್ ಕಲಿತರು. 1942ರ ಅಕ್ಟೋಬರ್‌ನಲ್ಲಿ ಈಜಿಪ್ಟಿನ ಎಲ್ ಅಲಮೇನ್ ಕದನಕ್ಕೆ ಅವರು ಟ್ಯಾಂಕ್ ರೆಜಿಮೆಂಟು.

ಅಲ್ಲಿನ ಒಂದು ಪ್ರಸಂಗ ಹೇಳಲೇಬೇಕು. ಕೀತ್ ಡಗ್ಲಸ್ ಅನ್ನೋ ಯುವ ಅಧಿಕಾರಿ, ಕವಿ. ಅವನನ್ನು ರಣರಂಗದಿಂದ ಹಿಂದೆ ಇದ್ದ ಮುಖ್ಯಕಚೇರಿಯಲ್ಲಿ ಕೂರಿಸಿದ್ದರು. ಯುದ್ಧ ಶುರುವಾದ ಕೆಲವೇ ದಿನಕ್ಕೆ ತಡೆಯಲಾಗದೆ, ಅಪ್ಪಣೆ ಇಲ್ಲದೆ, ಒಂದು ಲಾರಿ ಹತ್ತಿ ರೆಜಿಮೆಂಟನ್ನು ಹುಡುಕಿಕೊಂಡು ಹೊರಟುಬಿಟ್ಟ. ಕರ್ನಲ್ ಶಿಕ್ಷೆ ಕೊಡಲಿಲ್ಲ, ಟ್ಯಾಂಕ್ ಕೊಟ್ಟರು. 1944ರ ಜೂನ್ 9ರಂದು ನಾರ್ಮಂಡಿಯಲ್ಲಿ ಅವನು ಸತ್ತಾಗ ವಯಸ್ಸು 24.

ನಾರ್ಮಂಡಿಯಲ್ಲಿ ಇಳಿದದ್ದು ಮೂರು ದಿನ ಹಿಂದೆ, ಜೂನ್ 6ರಂದು, ಗೋಲ್ಡ್ ಅನ್ನೋ ಗುಪ್ತನಾಮದ ಕಡಲ ತೀರದಲ್ಲಿ. ಅವರದ್ದು ಈಜುವ ಟ್ಯಾಂಕ್. ಶರ್ಮನ್ ಟ್ಯಾಂಕಿನ ಸುತ್ತ ಕ್ಯಾನ್ವಾಸಿನ ಗೋಡೆ ಎತ್ತಿ ಕಟ್ಟಿದರೆ ದೋಣಿಯ ಹಾಗೆ ತೇಲುತ್ತದೆ. ಹಿಂದೆ ಎರಡು ಪ್ರೊಪೆಲ್ಲರ್. ಕೆರೆಯಲ್ಲಾದರೆ ಸರಿ. ಅವತ್ತು ಸಮುದ್ರ ಉಕ್ಕುತ್ತಿತ್ತು, ಕೆಲವು ಟ್ಯಾಂಕ್ ಮುಳುಗಿಯೇ ಹೋದವು. ಮರುದಿನ ಬಾಯೂ ಪಟ್ಟಣದೊಳಗೆ ಮೊದಲು ಹೊಕ್ಕವರಲ್ಲಿ ಇವರೂ ಇದ್ದರು.

ರೆಜಿಮೆಂಟಿನ ಪಾದ್ರಿ ಲೆಸ್ಲಿ ಸ್ಕಿನ್ನರ್. ಸುಟ್ಟ ಟ್ಯಾಂಕಿನೊಳಗೆ ಉಳಿದ ದೇಹಗಳನ್ನು ಆತ ತಾನೊಬ್ಬನೇ ಇಳಿದು ಹೊರಗೆ ತೆಗೆಯುತ್ತಿದ್ದ. ಬೇರೆಯವರನ್ನು ಹತ್ತಿರ ಬಿಡುತ್ತಿರಲಿಲ್ಲ. ನಾಳೆ ಅದೇ ತರಹದ ಟ್ಯಾಂಕಿನಲ್ಲಿ ಕೂರಬೇಕಾದ ಹುಡುಗರು ಅದನ್ನು ನೋಡಬಾರದು ಅಂತ.

ಯುದ್ಧ ಮುಗಿದ ಮೇಲಿನದು ಚಿಕ್ಕದು. 1967ರಲ್ಲಿ ಹಲವು ಹಳೆ ಯೋಮನ್ರಿಗಳನ್ನು ಸೇರಿಸಿ ‘ರಾಯಲ್ ಯೋಮನ್ರಿ’ ಮಾಡಿದರು. ಶೆರ್ವುಡ್ ರೇಂಜರ್ಸ್ ಈಗ ಅದರ ಒಂದು ಸ್ಕ್ವಾಡ್ರನ್, ಅರೆಕಾಲಿಕ ಸೈನಿಕರದ್ದು.

ಪ್ರಶ್ನೆ: ನನ್ನ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಇದ್ದರಂತೆ. ಇಂಗ್ಲೆಂಡಿನಲ್ಲಿ ಏನಾದರೂ ದಾಖಲೆ ಸಿಗಬಹುದಾ? (ಮಂಡ್ಯದ ಓದುಗರು)

ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಮೊದಲ ಮಹಾಯುದ್ಧದ ‘ವಾರ್ ಡೈರಿ’ಗಳಿವೆ. ಪಡೆಗಳು ದಿನ ದಿನ ಏನು ಮಾಡಿದವು ಅನ್ನೋ ಬರಹ ಅದು. ಮೈಸೂರು ಹೆಸರಲ್ಲಿ ಮಾತ್ರ ಹುಡುಕಬೇಡಿ. 5ನೇ ಅಶ್ವ ಡಿವಿಷನ್ ಮತ್ತು 15ನೇ ಬ್ರಿಗೇಡಿನ ಕಾಗದಗಳನ್ನೂ ನೋಡಿ. ಇಂಥ ಡೈರಿಗಳಲ್ಲಿ ಅಧಿಕಾರಿಗಳ ಹೆಸರು ಬರುತ್ತದೆ, ಸಾಮಾನ್ಯ ಸವಾರರದ್ದು ಅಪರೂಪ. ಹಾಗಾಗಿ ಅದಕ್ಕೂ ಮೊದಲು ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಒಮ್ಮೆ ಹೋಗಿಬನ್ನಿ. ಸಂಸ್ಥಾನದ ಕಾಗದಪತ್ರ ಅಲ್ಲಿವೆ. ಮುತ್ತಜ್ಜನ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕೈದು ತರಹ ಬರೆದುಕೊಂಡು ಹೋಗಿ. ಅರಸು ಅನ್ನೋದನ್ನೇ ಆಗಿನ ಗುಮಾಸ್ತರು ‘ಅರ್ಸ್’ ಅಂತ ಬರೆದವರು.