ಮಳೆಗಾಲದ ನೆಟ್‌ಗೆ ಯಾವ ಆಟ?

ಬದಿಯಡ್ಕದಲ್ಲಿ ನೆಟ್ ನಿಧಾನ, ಮಳೆಗೆ ಕರೆಂಟೂ ಹೋಗುತ್ತದೆ, ಯಾವ ಆನ್‌ಲೈನ್ ರೋಲ್‌ಪ್ಲೇ ಆಟ ಆಗಬಹುದು ಅಂತ ಕೇಳಿದ್ದೀರಿ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಶುರು ಮಾಡಿ. ಅದರಲ್ಲಿ ಎಲ್ಲವೂ 0.6 ಸೆಕೆಂಡಿನ ಟಿಕ್, ಅಂದರೆ ಆಟದ ಗಡಿಯಾರದ ಒಂದೊಂದು ಬಡಿತದ ಲೆಕ್ಕದಲ್ಲಿ ನಡೆಯುತ್ತದೆ. ನೀವು ಒತ್ತಿದ್ದು ಸರ್ವರ್‌ಗೆ ತುಸು ತಡವಾಗಿ ಮುಟ್ಟಿದರೂ ಮುಂದಿನ ಟಿಕ್‌ಗೆ ಸೇರಿಕೊಳ್ಳುತ್ತದೆ. ಬೆರಳಿನ ವೇಗಕ್ಕಿಂತ ತಾಳ ಮುಖ್ಯ, ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕಿದ ಹಾಗೆ. ನನಗೆ ಈ ಆಟದಲ್ಲಿ ತುಂಬಾ ಇಷ್ಟವಾದದ್ದೇ ಇದು. ದೊಡ್ಡ ಬಾಸ್‌ಗಳ (ಬಲಿಷ್ಠ ಶತ್ರುಗಳ) ಹತ್ತಿರ ಮಾತ್ರ ನೆಟ್ ಗಟ್ಟಿ ಇರುವಾಗಲೇ ಹೋಗಿ.

2018ರಿಂದ ಮೊಬೈಲಲ್ಲೂ ಇದೆ, ಖಾತೆ ಒಂದೇ. ಕರೆಂಟು ಹೋದರೆ ಫೋನಲ್ಲಿ ಮುಂದುವರಿಸಬಹುದು. ಆದರೆ ಈ ಆಟ ಮಾಡಿದ್ದನ್ನೇ ಜಾಸ್ತಿ ಹೊತ್ತು ಮಾಡಿಸುತ್ತದೆ, ಅದು ಬೇಸರವೇ.

ತಿಂಗಳುಗಟ್ಟಲೆ ಬಿಟ್ಟು ಬರುವವರಾದರೆ ಗಿಲ್ಡ್ ವಾರ್ಸ್ 2 ನೋಡಿ. 2012ರಿಂದಲೂ ಪಾತ್ರದ ಲೆವೆಲ್ ಮಿತಿ 80 ದಾಟಿಲ್ಲ, ಹಾಗಾಗಿ ಬಿಟ್ಟು ಬಂದರೂ ಲೆವೆಲ್‌ನಲ್ಲಿ ಹಿಂದೆ ಬೀಳುವುದಿಲ್ಲ. ಆದರೆ ಅಲ್ಲಿ ಪೆಟ್ಟು ತಪ್ಪಿಸಿಕೊಳ್ಳಲು ನೆಟ್ ಚುರುಕಾಗಿರಬೇಕು.