ಹೊಸ ಡ್ರೈವರ್, ಸಣ್ಣ ಕಾರು: ಮಾಡಿಫಿಕೇಶನ್ ಎಲ್ಲಿಂದ ಶುರು ಮಾಡಬೇಕು?

ಫ್ರಂಟ್ ವೀಲ್ ಡ್ರೈವ್ (ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ) ಸಣ್ಣ ಕಾರು ಇದೆ, ಲೈಸೆನ್ಸ್ ಹೊಸದು, ಮೊದಲು ಏನು ಬದಲಿಸಲಿ ಅಂತ ಕೇಳಿದ್ದೀರಿ. ಟೈರ್ ಬದಲಿಸಿ. ಎಂಜಿನ್ ಮುಟ್ಟಬೇಡಿ.

ಇಂಥ ಕಾರಿನ ಭಾರದಲ್ಲಿ ಸುಮಾರು 60% ಮುಂದೆಯೇ ಇರುತ್ತದೆ. ಎಳೆಯುವುದು, ತಿರುಗಿಸುವುದು, ಬ್ರೇಕಿನ ಮುಕ್ಕಾಲು ಕೆಲಸ, ಎಲ್ಲವೂ ಮುಂದಿನ ಎರಡು ಟೈರ್‌ಗಳ ಮೇಲೆ. ತಿರುವಿನಲ್ಲಿ ಆಕ್ಸಿಲರೇಟರ್ ಜಾಸ್ತಿ ಒತ್ತಿದರೆ ಹಿಡಿತ ಸಾಲದೆ ಕಾರು ತಿರುಗದೆ ನೇರ ಜಾರುತ್ತದೆ. ಪವರ್ ಹೆಚ್ಚಿಸಿದರೆ ಇದು ಇನ್ನೂ ಬೇಗ ಆಗುತ್ತದೆ, ಅಲ್ವಾ? ಹಾಗಾಗಿ ನಾಲ್ಕೂ ಒಳ್ಳೆಯ ಟೈರ್ ಹಾಕಿಸಿ. ಎರಡಕ್ಕೆ ಮಾತ್ರ ದುಡ್ಡಿದ್ದರೆ ಹೊಸದನ್ನು ಹಿಂದಕ್ಕೆ ಹಾಕಿಸಿ. ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಹೊಸಬರಿಗೆ ಕಾರು ಕೈಗೆ ಸಿಗುವುದಿಲ್ಲ.

ಆಮೇಲೆ ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್. ಈ ಆಯಿಲ್ ಗಾಳಿಯ ತೇವ ಹೀರುತ್ತದೆ, ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಬೇಕು. ಶಾಕ್ ಅಬ್ಸಾರ್ಬರ್ ಸವೆದಿದ್ದರೆ ಹೊಸದು ಹಾಕಿಸಿ.

ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವುದಂತೂ ಬೇಡವೇ ಬೇಡ, ಕತ್ತರಿಸಿದ ಸ್ಪ್ರಿಂಗ್ ಕೂತ ಜಾಗದಿಂದ ಜಾರಬಹುದು. ಜೋರು ಸದ್ದಿನ ಸೈಲೆನ್ಸರ್ ಸುಮ್ನೆ ದಂಡ. ಏನೇ ಬದಲಿಸುವುದಿದ್ದರೂ ಇನ್ಶೂರೆನ್ಸ್‌ನವರಿಗೆ ಮೊದಲೇ ಹೇಳಿ.